ಹೂಗಿಡಗಳಿಗೆ ಕಾಕಂಬಿ ಮತ್ತು ಬೆಲ್ಲದ ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ತಾರಸಿಯಲ್ಲಿ ಹೂಗಿಡ ಬೆಳೆಸುವವರು ಮತ್ತು ಮಲ್ಲಿಗೆ, ಸೇವಂತಿಗೆಯ ಸಣ್ಣ ಬೆಳೆಗಾರರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಆದಷ್ಟೂ ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು. ಹೊಸಬರಿಗೆ ಬೇಕಾದದ್ದು ಮೊದಲಿಗಿದೆ.

## ಮೊದಲು ತಿಳಿಯಬೇಕಾದದ್ದು

ಕಾಕಂಬಿ ಅಂದರೆ ಏನು? ಬೆಲ್ಲ ಕರಗಿಸಿದರೆ ಆಗುವುದು ಅದೇ ಅಲ್ಲವೇ?

ಅಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲನ್ನು ಶುದ್ಧಿ ಮಾಡಿ, ಕುದಿಸಿ, ಹರಳುಗಟ್ಟಿಸಿ, ಹರಳನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ ಬೇರ್ಪಡಿಸುತ್ತಾರೆ. ಉಳಿದ ಪಾಕವನ್ನು ಮತ್ತೆ ಕುದಿಸಿ ಇನ್ನಷ್ಟು ಸಕ್ಕರೆ ತೆಗೆಯುತ್ತಾರೆ. ಹೀಗೆ ಎರಡು ಮೂರು ಸುತ್ತು ಆದ ಮೇಲೆ, ಇನ್ನು ಸಕ್ಕರೆ ತೆಗೆಯುವುದು ಲಾಭವಲ್ಲ ಎನ್ನುವ ಹಂತದಲ್ಲಿ ಉಳಿಯುವ ಕಪ್ಪು ಅಂಟು ದ್ರವವೇ ಕಾಕಂಬಿ. ಒಂದು ಟನ್ ಕಬ್ಬು ಅರೆದರೆ ಸುಮಾರು 40ರಿಂದ 50 ಕಿಲೋ ಕಾಕಂಬಿ ಸಿಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇನ್ನೂ ಸಕ್ಕರೆಯೇ. ಐದನೇ ಒಂದು ಪಾಲು ನೀರು, ಉಳಿದದ್ದು ಖನಿಜ ಮತ್ತು ಇತರ ಸಾವಯವ ವಸ್ತು.

ಬೆಲ್ಲದಲ್ಲಿ ಹಾಗಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆಯ ಮೇಲೆ ತೇಲುವ ಮಡ್ಡಿಯನ್ನು ಬಿಟ್ಟರೆ ಹಾಲಿನಿಂದ ಏನನ್ನೂ ಹೊರಗೆ ತೆಗೆಯುವುದಿಲ್ಲ. ಆದ್ದರಿಂದ ಬೆಲ್ಲದಲ್ಲಿ ಸಕ್ಕರೆ ಹೆಚ್ಚು, ನೂರಕ್ಕೆ 65ರಿಂದ 85ರಷ್ಟು, ಮತ್ತು ಕಿಲೋವೊಂದಕ್ಕೆ ಲೆಕ್ಕ ಹಾಕಿದರೆ ಖನಿಜ ಕಡಿಮೆ. ಮಲೆನಾಡಿನ ಜೋನಿ ಬೆಲ್ಲ ನೋಡಲು ಕಾಕಂಬಿಯ ತಮ್ಮನಂತೆ ಇದ್ದರೂ ಅದು ಗಟ್ಟಿಯಾಗುವ ಮೊದಲೇ ಇಳಿಸಿದ ಬೆಲ್ಲವೇ ಹೊರತು ಕಾಕಂಬಿಯಲ್ಲ. ದೋಸೆಗೆ ಹಚ್ಚಿಕೊಳ್ಳುವ ಅಂಥ ಪದಾರ್ಥವನ್ನು ಕುಂಡಕ್ಕೆ ಸುರಿಯಲು ನನಗಂತೂ ಮನಸ್ಸು ಬರುವುದಿಲ್ಲ.

ಕಾಕಂಬಿ ಹಾಕಿದರೆ ಹೂವು ಜಾಸ್ತಿ ಬಿಡುತ್ತದಂತೆ, ನಿಜವೇ?

ನೇರವಾಗಿ ಅಲ್ಲ. ಕಾಕಂಬಿಯಿಂದ ಎರಡು ಕೆಲಸ ಆಗುತ್ತವೆ. ಮೊದಲನೆಯದು, ಅದರ ಸಕ್ಕರೆ ಮಣ್ಣಿನ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳಿಗೆ ದಿಢೀರ್ ಊಟವಾಗುತ್ತದೆ. ಅವು ಹೆಚ್ಚಿ, ಮಣ್ಣಿನಲ್ಲಿರುವ ಗೊಬ್ಬರವನ್ನು ಒಡೆದು ಬೇರಿಗೆ ಸಿಗುವಂತೆ ಮಾಡುತ್ತವೆ. ಎರಡನೆಯದು, ಅದರಲ್ಲಿ ಪೊಟ್ಯಾಷಿಯಂ, ಸುಣ್ಣದ ಅಂಶ, ಮೆಗ್ನೀಷಿಯಂ, ಗಂಧಕ, ಕಬ್ಬಿಣ ಸ್ವಲ್ಪ ಸ್ವಲ್ಪ ಇವೆ. ಸಾರಜನಕ ತೀರಾ ಕಡಿಮೆ, ರಂಜಕ ಇಲ್ಲವೆಂದೇ ಹೇಳಬೇಕು.

ಈ "ಸ್ವಲ್ಪ" ಎಷ್ಟು ಎಂದು ಲೆಕ್ಕ ಹಾಕಿ ನೋಡಿದರೆ ಉತ್ಸಾಹ ಹದಕ್ಕೆ ಬರುತ್ತದೆ. ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ಕಾಕಂಬಿ ಸುಮಾರು 7 ಗ್ರಾಂ ತೂಗುತ್ತದೆ. ಅದರಲ್ಲಿ ನೂರಕ್ಕೆ 3ರಷ್ಟು ಪೊಟ್ಯಾಷಿಯಂ ಇದೆ ಎಂದುಕೊಂಡರೆ ಗಿಡಕ್ಕೆ ಹೋಗುವುದು 0.2 ಗ್ರಾಂ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಪೊಟ್ಯಾಷಿಯಂ ಸಲ್ಫೇಟ್ ಅರ್ಧ ಗ್ರಾಂ ಹಾಕಿದರೂ ಅಷ್ಟೇ ಸಿಗುತ್ತದೆ. ಹಾಗಾಗಿ ಪೊಟ್ಯಾಷ್‌ಗಾಗಿ ಕಾಕಂಬಿ ಹಾಕುವುದು ದಾರಿಯಲ್ಲ. ಅದು ಮಣ್ಣಿನ ಜೀವಿಗಳಿಗೆ ಹಾಕುವ ಊಟ. ಊಟ ಮಾಡಲು ಜೀವಿಗಳು ಇರಬೇಕು, ಅವು ಒಡೆಯಲು ಗೊಬ್ಬರವೂ ಇರಬೇಕು. ಇವೆರಡೂ ಇಲ್ಲದ ಸತ್ತ ಮಣ್ಣಿಗೆ ಸಿಹಿನೀರು ಹೊಯ್ದರೆ ಇರುವೆಗೆ ಹಬ್ಬ, ಅಷ್ಟೇ.

ಸಿಹಿ ನೀರು ಹಾಕಿದರೆ ಹೂವಿನ ಪರಿಮಳ ಹೆಚ್ಚುವುದೇ?

ಇಲ್ಲ. ಗಿಡ ತನಗೆ ಬೇಕಾದ ಸಕ್ಕರೆಯನ್ನು ಎಲೆಯಲ್ಲಿ, ಬಿಸಿಲಿನ ಬಲದಿಂದ ತಾನೇ ಮಾಡಿಕೊಳ್ಳುತ್ತದೆ. ಅಷ್ಟೇ ಅಲ್ಲ, ಮಾಡಿಕೊಂಡದ್ದರಲ್ಲಿ ಒಂದು ಪಾಲನ್ನು ಬೇರಿನ ಮೂಲಕ ಹೊರಗೆ ಸೂಸಿ ಸುತ್ತಲಿನ ಜೀವಿಗಳನ್ನು ಸಾಕುತ್ತದೆ. ಬೇರಿನಿಂದ ಬೆಲ್ಲ ಹೀರಿ ಹೂವಿಗೆ ತಲುಪಿಸುವ ಏರ್ಪಾಡು ಗಿಡದಲ್ಲಿಲ್ಲ. ಮಲ್ಲಿಗೆಯ ಪರಿಮಳ ಸಂಜೆ ಮೊಗ್ಗು ಅರಳುವಾಗ ಹೊಮ್ಮುವ ಎಣ್ಣೆಯಂಥ ವಸ್ತುಗಳದ್ದು. ಅದನ್ನು ತೀರ್ಮಾನಿಸುವುದು ತಳಿ, ಬಿಸಿಲು ಮತ್ತು ಹವೆ.

ಅಮೆರಿಕದಲ್ಲಿ ಗಾಂಜಾ ಗಿಡ ಹೂ ಬಿಡುವಾಗ ಕಾಕಂಬಿ ಹಾಕುತ್ತಾರಂತೆ. ಈ ಪದ್ಧತಿ ಅಲ್ಲಿಂದ ಬಂದದ್ದೇ?

ಕಾಕಂಬಿಯನ್ನು "ಹೂ ಬಿಡುವ ಹಂತದ ಟಾನಿಕ್" ಎಂದು ಕರೆಯುವ ಮಾತು ಬಹುಮಟ್ಟಿಗೆ ಅಲ್ಲಿಯದೇ. ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ ವೈದ್ಯಕೀಯ ಬಳಕೆಗೆ, ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ 2012ರಲ್ಲಿ ಸಾಮಾನ್ಯ ಬಳಕೆಗೆ ಮತದಾರರು ಒಪ್ಪಿಗೆ ಕೊಟ್ಟ ಮೇಲೆ ಅಲ್ಲಿ ಈ ಗಿಡದ ಸುತ್ತ ದೊಡ್ಡ ಗೊಬ್ಬರದ ವ್ಯಾಪಾರವೇ ಬೆಳೆಯಿತು. ಕಾಕಂಬಿಯನ್ನೇ ನೀರು ಮಾಡಿ, ಚೆಂದದ ಬಾಟಲಿಗೆ ತುಂಬಿ ಮಾರುವವರೂ ಹುಟ್ಟಿಕೊಂಡರು. ಮೊಗ್ಗು ದಪ್ಪವಾಗುತ್ತದೆ, ರುಚಿ ಸಿಹಿಯಾಗುತ್ತದೆ ಎಂಬ ಅವರ ಹೇಳಿಕೆಗಳಿಗೂ ಹಿಂದಿನ ಉತ್ತರವೇ ಅನ್ವಯಿಸುತ್ತದೆ.

ನಮ್ಮಲ್ಲಿ ಆ ಗಿಡ ಬೆಳೆಸುವುದು 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಅಪರಾಧ. ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ನಾರಿಗಾಗಿ, ಅಮಲು ಕಡಿಮೆಯಿರುವ ತಳಿಗೆ ಉತ್ತರಾಖಂಡ 2018ರಿಂದ ಪರವಾನಗಿ ಕೊಡುತ್ತಿರುವುದು ಬೇರೆ ಮಾತು, ಅದನ್ನು ನಂಬಿಕೊಂಡು ಇಲ್ಲಿ ಕುಂಡದಲ್ಲಿ ಬೀಜ ಊರಬಾರದು. ಈ ಪುಟದಲ್ಲಿ ಮುಂದೆ ಬರುವುದೆಲ್ಲ ಮಲ್ಲಿಗೆ, ಸೇವಂತಿಗೆ, ಗುಲಾಬಿ, ಕನಕಾಂಬರದ ವಿಷಯ.

ಇನ್ನು, ಮಣ್ಣಿನ ಜೀವಿಗೆ ಸಿಹಿ ಉಣಿಸುವುದನ್ನು ನಾವು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಪಂಚಗವ್ಯಕ್ಕೆ ಬೆಲ್ಲ ಅಥವಾ ಕಬ್ಬಿನ ಹಾಲು ಬೀಳುತ್ತದೆ. ಸಗಣಿ, ಗಂಜಲ ಹುದುಗಿಸಿ ಮಾಡುವ ಜೀವಾಮೃತಕ್ಕೆ ಬೆಲ್ಲ ಬೇಕೇ ಬೇಕು. ತೊಗರಿ, ಅಲಸಂದೆ ಬಿತ್ತುವ ಮುಂಚೆ, ಗಾಳಿಯ ಸಾರಜನಕ ಹಿಡಿದುಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾದ ಪುಡಿಯನ್ನು ಬೀಜಕ್ಕೆ ಅಂಟಿಸುವುದೂ ಬೆಲ್ಲದ ಪಾಕದಲ್ಲಿಯೇ.

## ಎಲ್ಲಿ ಸಿಗುತ್ತದೆ, ಯಾವುದು ಆಗುತ್ತದೆ

ಮಂಡ್ಯದ ಕಡೆ ಇಷ್ಟೊಂದು ಕಾರ್ಖಾನೆಗಳಿವೆ, ಒಂದು ಡಬ್ಬ ಕಾಕಂಬಿ ತಂದುಕೊಳ್ಳಬಹುದೇ?

ಗೇಟಿನಲ್ಲಿ ಕೇಳಿದರೆ ಕೊಡುವುದಿಲ್ಲ. ಕಾಕಂಬಿ ಮದ್ಯಸಾರದ ಕಚ್ಚಾವಸ್ತು. ಅದರ ದಾಸ್ತಾನು, ಸಾಗಣೆ ಎರಡೂ ಅಬಕಾರಿ ಇಲಾಖೆಯ ಕಣ್ಣಿನಡಿಯಲ್ಲೇ ನಡೆಯುತ್ತವೆ. ಎಥನಾಲ್‌ಗೆ ಬೇಡಿಕೆ ಏರಿದ ಮೇಲೆ ಕಾರ್ಖಾನೆಗಳಿಗೂ ಅದು ಹಿಂದಿನಂತೆ ಬೇಡದ ವಸ್ತುವಲ್ಲ. ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಅದರ ರಫ್ತಿನ ಮೇಲೆ ಶೇಕಡ 50ರಷ್ಟು ಸುಂಕ ಹಾಕಿದ್ದನ್ನು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಸಣ್ಣ ಪ್ರಮಾಣದಲ್ಲಿ ಬೇಕಾದವರು ಪಶು ಆಹಾರದ ಅಂಗಡಿಯಲ್ಲಿಯೋ ಸಾವಯವ ಗೊಬ್ಬರದ ಅಂಗಡಿಯಲ್ಲಿಯೋ ಡಬ್ಬದಲ್ಲಿ ಮಾರುವುದನ್ನು ಕೊಳ್ಳಬಹುದು. ಸಿಗದಿದ್ದರೆ ಬೆಲ್ಲ ಸಾಕು, ಹುಡುಕಿ ಅಲೆಯುವಂಥದ್ದೇನೂ ಇಲ್ಲ.

ಕಾರ್ಖಾನೆಯ ಹತ್ತಿರವೇ ಇರುವವರು ಕೇಳಬೇಕಾದದ್ದು ಕಾಕಂಬಿಯನ್ನಲ್ಲ, ಪ್ರೆಸ್‌ಮಡ್ಡನ್ನು. ಕಬ್ಬಿನ ಹಾಲು ಸೋಸಿದಾಗ ಉಳಿಯುವ ಆ ಮಣ್ಣಿನಂಥ ಚರಟದಲ್ಲಿ ಸಾವಯವ ಅಂಶದ ಜೊತೆ ಕಾಕಂಬಿಯಲ್ಲಿಲ್ಲದ ರಂಜಕವೂ ಇದೆ. ಹಸಿಯಾಗಿ ಹಾಕಿದರೆ ಕಾವೇರುತ್ತದೆ, ಚೆನ್ನಾಗಿ ಕಳಿತ ಮೇಲೆಯೇ ಹಾಕಬೇಕು.

ಬೆಲ್ಲ ಹಾಕುವುದಾದರೆ ಯಾವ ಬೆಲ್ಲ? ಕೆಮಿಕಲ್ ಬೆಲ್ಲ ಹಾಕಿದರೆ ಗಿಡ ಸಾಯುತ್ತದೆಯೇ?

ಸಾಯುವುದಿಲ್ಲ. ಆದರೆ ಅಂಗಡಿಯಲ್ಲಿ ಹೊಳೆಯುವ ಹಳದಿ ಅಚ್ಚಿಗಿಂತ ಪಕ್ಕದ ಚೀಲದ ಕಪ್ಪು ಬೆಲ್ಲವೇ ಈ ಕೆಲಸಕ್ಕೆ ಮೇಲು, ಬೆಲೆಯೂ ಕಡಿಮೆ. ಆಲೆಮನೆಯಲ್ಲಿ ನಿಂತು ನೋಡಿದವರಿಗೆ ಕಾರಣ ಗೊತ್ತು. ಕಬ್ಬಿನ ಹಾಲು ಕುದಿಯತೊಡಗಿದಾಗ ಹಳೆಯ ರೀತಿಯವರು ಬೆಂಡೆ ಗಿಡದ ಲೋಳೆಯನ್ನೂ ಚಿಟಿಕೆ ಸುಣ್ಣವನ್ನೂ ಹಾಕಿ, ಮೇಲೆ ಬಂದ ಮಡ್ಡಿಯನ್ನು ಜಾಲರಿ ಸೌಟಿನಲ್ಲಿ ಬಾಚಿ ತೆಗೆಯುತ್ತಾರೆ. ಬಣ್ಣ ಬೇಕು ಎನ್ನುವವರು ಬಿಳಿ ಪುಡಿಯ ಪೊಟ್ಟಣ ಒಡೆಯುತ್ತಾರೆ. ಎಲ್ಲರೂ "ಹೈಡ್ರೋಸ್" ಎನ್ನುವ ಅದು ಗಂಧಕ ಸೇರಿದ ಬಿಳುಪುಕಾರಕ. ಕಂದು ಪಾಕ ಕಣ್ಣೆದುರೇ ಚಿನ್ನದ ಬಣ್ಣಕ್ಕೆ ತಿರುಗುತ್ತದೆ.

"ಗಂಧಕ ಹಾಕದ ಕಾಕಂಬಿಯನ್ನೇ ಬಳಸಿ" ಎಂಬ ವಿದೇಶಿ ಸಲಹೆಯ ಹಿಂದಿರುವುದೂ ಇದೇ ಬಗೆಯ ಆತಂಕ. ಗಂಧಕದ ಹೊಗೆ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ ಎಂಬುದು ನಿಜ. ನಮ್ಮ ಹೆಚ್ಚಿನ ಕಾರ್ಖಾನೆಗಳು ಹಾಲನ್ನು ಗಂಧಕದ ಹೊಗೆಯಿಂದಲೇ ಶುದ್ಧಿ ಮಾಡುತ್ತವೆ. ಆದರೂ ಚಮಚದಷ್ಟನ್ನು ಬಕೆಟ್ ನೀರಿಗೆ ಕದಡಿದ ಮೇಲೆ ಉಳಿಯುವ ಪ್ರಮಾಣ ಮಣ್ಣಿಗೆ ಲೆಕ್ಕಕ್ಕಿಲ್ಲ. ಜೀವಾಮೃತದಂಥ ದ್ರಾವಣಕ್ಕೆ ಮಾತ್ರ ಹೈಡ್ರೋಸ್ ಹಾಕದ ಕಪ್ಪು ಬೆಲ್ಲವನ್ನೇ ಆರಿಸಿ. ಕಪ್ಪು ಬೆಲ್ಲವನ್ನು ಕ್ವಿಂಟಲ್‌ಗಟ್ಟಲೆ ಕೊಂಡರೆ ಮಾತ್ರ ಕಳ್ಳಭಟ್ಟಿಯ ಅನುಮಾನದಿಂದ ಯಾರಾದರೂ ವಿಚಾರಿಸಿಕೊಂಡು ಬಂದಾರು!

## ಅಳತೆ ಮತ್ತು ಹೊತ್ತು

ಒಂದು ಕುಂಡಕ್ಕೆ ಎಷ್ಟು ಹಾಕಬೇಕು, ಎಷ್ಟು ದಿನಕ್ಕೊಮ್ಮೆ?

ಐದು ಲೀಟರ್ ನೀರಿಗೆ ಒಂದು ಟೀ ಚಮಚ ಕಾಕಂಬಿ, ಅಥವಾ ಚಿಕ್ಕ ಅಡಿಕೆ ಗಾತ್ರದ ಬೆಲ್ಲ. ಕಾಕಂಬಿ ತಣ್ಣೀರಿನಲ್ಲಿ ತಳಕ್ಕೆ ಹೋಗಿ ಕೂತುಬಿಡುತ್ತದೆ, ಆದ್ದರಿಂದ ಮೊದಲು ಒಂದು ಲೋಟ ಬೆಚ್ಚನೆಯ ನೀರಿನಲ್ಲಿ ಕದಡಿ ಆಮೇಲೆ ಬಕೆಟ್ಟಿಗೆ ಸುರಿಯಬೇಕು. ನೀರಿಗೆ ಬಣ್ಣ ಬಂತೋ ಇಲ್ಲವೋ ಎನ್ನುವಷ್ಟು ತೆಳುವಾಗಿರಬೇಕು. ಡಿಕಾಕ್ಷನ್ ಬಣ್ಣ ಕಂಡರೆ ಜಾಸ್ತಿಯಾಯಿತು ಎಂದು ತಿಳಿಯಿರಿ. ಹನ್ನೆರಡು ಇಂಚಿನ ಕುಂಡಕ್ಕೆ ಅರ್ಧದಿಂದ ಒಂದು ಲೀಟರ್, ಹದಿನೈದು ದಿನಕ್ಕೊಮ್ಮೆ ಸಾಕು. ಒಣಗಿದ ಮಣ್ಣಿಗೆ ಹೊಯ್ಯಬೇಡಿ. ಹಿಂದಿನ ಸಂಜೆ ನೀರು ಕುಡಿಸಿ, ಮಣ್ಣು ಹಸಿಯಾಗಿರುವಾಗ ಬೆಳಗ್ಗೆ ಹಾಕಿ. ಮಳೆಗಾಲದಲ್ಲಿ, ಕುಂಡ ವಾರಗಟ್ಟಲೆ ಒದ್ದೆಯಾಗಿಯೇ ಇರುವಾಗ, ಪೂರಾ ನಿಲ್ಲಿಸಿ.

ಮೊಗ್ಗು ಕಂಡ ಮೇಲೆ ಹಾಕಬೇಕೋ, ಅದಕ್ಕೂ ಮುಂಚೆಯೋ?

ಮುಂಚೆ. ಮಣ್ಣಿನ ಜೀವಿಗಳು ಸಿಹಿ ತಿಂದು, ಹೆಚ್ಚಿ, ಸತ್ತು, ತಮ್ಮ ಮೈಯಲ್ಲಿದ್ದ ಸಾರವನ್ನು ಬೇರಿಗೆ ಬಿಟ್ಟುಕೊಡಲು ಎರಡು ಮೂರು ವಾರ ಹಿಡಿಯುತ್ತದೆ. ಮೊಗ್ಗು ಕಂಡ ದಿನ ಹಾಕಿದ್ದು ಆ ಮೊಗ್ಗಿಗೆ ತಲುಪುವುದಿಲ್ಲ.

ಗಿಡದ ಸ್ವಭಾವ ತಿಳಿದರೆ ಹೊತ್ತು ತಾನಾಗಿ ತಿಳಿಯುತ್ತದೆ. ದುಂಡು ಮಲ್ಲಿಗೆ ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುತ್ತದೆ. ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ ಸವರಿ, ಬುಡ ಕೆದಕಿ, ಕೊಟ್ಟಿಗೆ ಗೊಬ್ಬರ ಮತ್ತು ಹಿಂಡಿ ಕೊಟ್ಟು, ಆ ಗೊಬ್ಬರದ ಬೆನ್ನಿಗೇ ಬೆಲ್ಲದ ನೀರು ಹಾಕಿದರೆ ಚಿಗುರಿನ ಹೊತ್ತಿಗೆ ಅದು ಕೆಲಸಕ್ಕೆ ಬರುತ್ತದೆ. ಗುಲಾಬಿಗೂ ಸವರಿದ ಮರುವಾರವೇ ಸರಿಯಾದ ಹೊತ್ತು. ಸೇವಂತಿಗೆಯ ಕತೆ ಬೇರೆ. ಅದು ರಾತ್ರಿ ಉದ್ದವಾದಾಗ ಮಾತ್ರ ಮೊಗ್ಗು ಕಟ್ಟುವ ಗಿಡ. ಪಕ್ಕದಲ್ಲಿ ಬೀದಿದೀಪ ಇಡೀ ರಾತ್ರಿ ಬೆಳಗುತ್ತಿದ್ದರೆ ಬೆಲ್ಲವಲ್ಲ, ಜೇನು ಸುರಿದರೂ ಅದು ದೀಪಾವಳಿಗೆ ಅರಳುವುದಿಲ್ಲ. ಕುಂಡವನ್ನು ಕತ್ತಲಿರುವ ಮೂಲೆಗೆ ಸರಿಸುವುದೇ ಅದಕ್ಕೆ ಔಷಧಿ.

ಎಲೆಗೆ ಸಿಂಪಡಿಸಬಹುದೇ?

ಬೇಡ. ಸಿಹಿ ಕೂತ ಎಲೆಯ ಮೇಲೆ ಕಪ್ಪು ಮಸಿಯಂಥ ಬೂಸ್ಟು ಬೆಳೆಯುತ್ತದೆ.

ಕೊಕೊಪೀಟ್‌ನಲ್ಲಿ ಬೆಳೆಸಿದ ಗಿಡಕ್ಕೆ, ನೀರಿನಲ್ಲೇ ಬೆಳೆಸುವ ಗಿಡಕ್ಕೆ ಆಗುತ್ತದೆಯೇ?

ಬರೀ ಕೊಕೊಪೀಟ್‌ಗೆ ಪ್ರಯೋಜನ ಕಡಿಮೆ, ಅರ್ಧದಷ್ಟು ಎರೆಗೊಬ್ಬರ ಬೆರೆಸಿದ್ದರೆ ಆಗುತ್ತದೆ. ನೀರಿನಲ್ಲಿ ಬೆಳೆಸುವ ಗಿಡಕ್ಕೆ ಹಾಕಲೇಬಾರದು. ಒಂದೆರಡು ದಿನದಲ್ಲಿ ತೊಟ್ಟಿ ಲೋಳೆ ಕಟ್ಟಿ, ನೀರಿನ ಆಮ್ಲಜನಕ ತೀರಿ, ಬೇರು ಕೊಳೆಯುತ್ತದೆ.

## ತೊಂದರೆಗಳು

ಇರುವೆ ಮುತ್ತಿಕೊಂಡಿವೆ. ಏನು ಮಾಡುವುದು?

ತೆಳುವಾಗಿ ಹಾಕಿ, ಮೇಲೆ ಒಂದಿಷ್ಟು ಬರಿನೀರು ಹೊಯ್ದು ಸಿಹಿಯನ್ನು ಒಳಕ್ಕೆ ಇಳಿಸಿದರೆ ಇರುವೆ ಬರುವುದು ಅಪರೂಪ. ಬಂದ ಮೇಲೆ ಇರುವೆಯನ್ನಷ್ಟೇ ನೋಡಬೇಡಿ, ಎಲೆಯ ಅಡಿ ತಿರುವಿ ನೋಡಿ. ಹೇನು, ಬಿಳಿ ಹಿಟ್ಟು ತಿಗಣೆಗಳು ಸೂಸುವ ಸಿಹಿರಸಕ್ಕಾಗಿ ಇರುವೆಗಳು ಅವನ್ನು ದನ ಕಾಯುವಂತೆ ಕಾಯುತ್ತವೆ, ಗಿಡದಿಂದ ಗಿಡಕ್ಕೆ ಸಾಗಿಸುವುದೂ ಉಂಟು. ದಾಸವಾಳದ ಗಿಡದಲ್ಲಿ ಇದು ಪದೇ ಪದೇ ಕಾಣುತ್ತದೆ. ಬುಡಕ್ಕೆ ಬೇವಿನ ಹಿಂಡಿ, ಎಲೆಯಡಿಗೆ ಬೇವಿನೆಣ್ಣೆ ಮತ್ತು ಸೋಪಿನ ನೀರು ಕೊಟ್ಟು, ಹಿಟ್ಟು ತಿಗಣೆ ಪೂರಾ ಹೋಗುವವರೆಗೆ ಬೆಲ್ಲದ ನೀರನ್ನು ಮರೆತುಬಿಡಿ.

ಬೆಲ್ಲದ ನೀರು ಹಾಕಿದ ಮೇಲೆ ಎಲೆ ಹಳದಿಯಾಯಿತು, ಕುಂಡ ಹುಳಿ ವಾಸನೆ ಬರುತ್ತಿದೆ. ಏಕೆ?

ಈ ತಪ್ಪನ್ನು ನಾನೂ ಮಾಡಿದ್ದೇನೆ. ಹಬ್ಬಕ್ಕೆ ತಂದ ಬೆಲ್ಲ ನೀರೂರಿ ಹಾಳಾಗುತ್ತಿತ್ತು. ಒಳ್ಳೆಯದೇ ಅಲ್ಲವೇ ಎಂದು ದೊಡ್ಡ ತುಂಡೊಂದನ್ನು ಕರಗಿಸಿ ಸೇವಂತಿಗೆಯ ಒಂದೇ ಕುಂಡಕ್ಕೆ ಸುರಿದೆ. ಮೂರನೆಯ ದಿನ ಮಣ್ಣಿನ ಮೇಲೆ ಬಿಳಿ ಬೂಸ್ಟಿನ ತೆಳು ಪರದೆ, ಬೆರಳಿಟ್ಟರೆ ಹಳಸಿದ ದೋಸೆಹಿಟ್ಟಿನ ವಾಸನೆ. ವಾರ ಕಳೆಯುವಷ್ಟರಲ್ಲಿ ಕೆಳಗಿನ ಎಲೆಗಳು ಹಳದಿಯಾಗಿ ಜೋತುಬಿದ್ದವು.

ಆದದ್ದು ಇಷ್ಟು. ನೂರು ಗ್ರಾಂ ಬೆಲ್ಲದಲ್ಲಿ ಸುಮಾರು 40 ಗ್ರಾಂ ಇಂಗಾಲವಿದೆ. ಸೂಕ್ಷ್ಮಜೀವಿಗಳು ಅದರಲ್ಲಿ 16 ಗ್ರಾಂನಷ್ಟನ್ನು ತಮ್ಮ ಮೈಗೆ ಕಟ್ಟಿಕೊಳ್ಳುತ್ತವೆ ಎಂದುಕೊಳ್ಳಿ, ಉಳಿದದ್ದು ಉಸಿರಾಟದಲ್ಲಿ ಹೋಗುತ್ತದೆ. ಎಂಟು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇಲ್ಲದೆ ಅವುಗಳ ಮೈ ಕಟ್ಟುವುದಿಲ್ಲ. ಅಂದರೆ 2 ಗ್ರಾಂ ಸಾರಜನಕ ಬೇಕು, ಯೂರಿಯಾದ ಲೆಕ್ಕದಲ್ಲಿ ನಾಲ್ಕು ಗ್ರಾಂಗೂ ಹೆಚ್ಚು. ಬೆಲ್ಲದಲ್ಲಿ ಅದು ಇಲ್ಲವಾದ್ದರಿಂದ ಮಣ್ಣಿನಿಂದಲೇ ಕಸಿದುಕೊಳ್ಳುತ್ತವೆ, ಗಿಡ ಉಪವಾಸ ಬೀಳುತ್ತದೆ. ಜೊತೆಗೆ ಅಷ್ಟೊಂದು ಜೀವಿಗಳು ಒಟ್ಟಿಗೆ ಉಸಿರಾಡಿ ಬೇರಿನ ಗಾಳಿಯನ್ನೂ ಮುಗಿಸುತ್ತವೆ, ಹುಳಿ ವಾಸನೆ ಅದರ ಗುರುತು.

ಹೀಗಾದರೆ ಒಮ್ಮೆ ಧಾರಾಳವಾಗಿ ಬರಿನೀರು ಹಾಯಿಸಿ ಬಸಿಯಲು ಬಿಡಿ. ಆಮೇಲೆ ಮೇಲ್ಮಣ್ಣು ಕೆದಕಿ, ಆರಿಸಿ, ನೆನೆಸಿದ ಕಡಲೆಕಾಯಿ ಹಿಂಡಿಯ ತಿಳಿಯನ್ನು ತೆಳುವಾಗಿ ಕೊಡಿ. ನನ್ನ ಸೇವಂತಿಗೆ ಚೇತರಿಸಿಕೊಂಡಿತು, ಆದರೆ ಆ ವರ್ಷ ಹೂವಿನ ಮಟ್ಟಿಗೆ ನಾಲ್ಕು ಜನರ ಮುಂದೆ ಇಡುವಂತಿರಲಿಲ್ಲ.

## ಅನುಭವಿಗಳ ಪ್ರಶ್ನೆಗಳು

ಜೀವಾಮೃತದಲ್ಲಿ ಬೆಲ್ಲದ ಬದಲು ಕಾಕಂಬಿ ಹಾಕಿದರೆ ಅಳತೆ ಬದಲಾಗುತ್ತದೆಯೇ?

ಬದಲಾಗುತ್ತದೆ. ಶೂನ್ಯ ಬಂಡವಾಳದ ಸಹಜ ಕೃಷಿಯನ್ನು ಪ್ರಚಾರ ಮಾಡಿದ ಸುಭಾಷ್ ಪಾಳೇಕರ್ ಅವರ ಪದ್ಧತಿಯಲ್ಲಿ ಒಂದು ಎಕರೆಗೆ 200 ಲೀಟರ್ ನೀರು, 10 ಕಿಲೋ ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಕಾಕಂಬಿಯಲ್ಲಿ ಸಕ್ಕರೆ ಅರ್ಧದಷ್ಟೇ ಇರುವುದರಿಂದ 2 ಕಿಲೋ ಬೆಲ್ಲದ ಜಾಗದಲ್ಲಿ 3 ಕಿಲೋ ಬೇಕು. ತಾರಸಿಗೆ ಇದನ್ನೇ ಇಪ್ಪತ್ತರಲ್ಲಿ ಒಂದು ಪಾಲು ಮಾಡಿಕೊಳ್ಳಿ: 10 ಲೀಟರ್ ನೀರು, ಅರ್ಧ ಕಿಲೋ ಸಗಣಿ, ಕಾಲು ಲೀಟರಿನಿಂದ ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆಹಿಟ್ಟು. ನೆರಳಿನಲ್ಲಿ ಗೋಣಿಚೀಲ ಮುಚ್ಚಿ, ದಿನಕ್ಕೆ ಎರಡು ಸಲ ಕೋಲಿನಿಂದ ತಿರುವಿ. ನಲವತ್ತೆಂಟು ಗಂಟೆಯ ಮೇಲೆ ಬಳಸಲು ಶುರು ಮಾಡಿ ವಾರದೊಳಗೆ ಮುಗಿಸಬೇಕು.

ಹಿಂದಿನ ಪ್ರಶ್ನೆಯ ಸಾರಜನಕದ ಲೆಕ್ಕ ಇಲ್ಲಿ ಏಕೆ ಕಾಡುವುದಿಲ್ಲವೆಂದರೆ, ಹಿಟ್ಟು ಮತ್ತು ಗಂಜಲ ಸಾರಜನಕವನ್ನು ತಾವೇ ತರುತ್ತವೆ ಮತ್ತು ಸಿಹಿಯ ಬಹುಪಾಲು ಡ್ರಮ್ಮಿನಲ್ಲೇ ತೀರಿಹೋಗಿರುತ್ತದೆ. ಬರೀ ಬೆಲ್ಲದ ನೀರಿಗಿಂತ ಜೀವಾಮೃತವನ್ನು ನಾನು ಮೇಲೆಂದು ಹೇಳುವುದು ಈ ಕಾರಣಕ್ಕೇ.

ಇಎಂ (ಉಪಯುಕ್ತ ಸೂಕ್ಷ್ಮಜೀವಿಗಳ) ದ್ರಾವಣ ಮಾಡುವಾಗ ಡ್ರಮ್ ಉಬ್ಬಿತು. ಕೆಟ್ಟಿತೇ?

ಕೆಟ್ಟಿಲ್ಲ. ಜಪಾನಿನ ತೆರುವೊ ಹಿಗಾ ಬಳಕೆಗೆ ತಂದ ಈ ಪದ್ಧತಿಯಲ್ಲಿ ಒಂದು ಪಾಲು ಮೂಲ ದ್ರಾವಣ, ಒಂದು ಪಾಲು ಕಾಕಂಬಿ, ಇಪ್ಪತ್ತು ಪಾಲು ನೀರು ಬೆರೆಸಿ ಗಾಳಿಯಾಡದಂತೆ ವಾರ ಹತ್ತು ದಿನ ಮುಚ್ಚಿಡುತ್ತಾರೆ. ಹುದುಗುವಾಗ ಅನಿಲ ಬರುತ್ತದೆ, ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಬಿಡಬೇಕು. ಗಾಜಿನ ಬಾಟಲಿ ಬೇಡವೇ ಬೇಡ. ರಸಸಾರ (ಪಿಎಚ್) 4ಕ್ಕಿಂತ ಕೆಳಗಿಳಿದು ಸಿಹಿಹುಳಿ ವಾಸನೆ ಬಂದರೆ ಸರಿಯಾಗಿದೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಚೆಲ್ಲಿ.

ಎರೆಗೊಬ್ಬರದ ತಿಳಿಗೆ ಕಾಕಂಬಿ ಹಾಕಿ ಗಾಳಿ ಊದಿ ಸೊಪ್ಪಿನ ಮಡಿಗೂ ಹಾಕಬಹುದೇ?

ಹೂವಿಗೆ ಹಾಕಿ, ಸೊಪ್ಪಿಗೆ ಬೇಡ. ಸಿಹಿ ತಿಂದು ಹೆಚ್ಚುವುದು ಒಳ್ಳೆಯ ಜೀವಿಗಳು ಮಾತ್ರವಲ್ಲ. ಗೊಬ್ಬರ ಪೂರ್ತಿ ಕಳಿತಿರದಿದ್ದರೆ ಅದರಲ್ಲಿ ಅಡಗಿರುವ, ಹೊಟ್ಟೆ ಕೆಡಿಸುವ ಇ. ಕೋಲಿ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳು ಕೂಡ ಕಾಕಂಬಿ ಸೇರಿಸಿದಾಗ ಹೆಚ್ಚುತ್ತವೆ ಎಂಬುದು ಅಮೆರಿಕದ ಪ್ರಯೋಗಗಳಲ್ಲಿ ಕಂಡುಬಂದಿದೆ. ಅಲ್ಲಿನ ಸಾವಯವ ಕೃಷಿಯ ಸಲಹಾ ಮಂಡಳಿಗಾಗಿ 2004ರಲ್ಲಿ ಸಿದ್ಧವಾದ ವರದಿ ಇದನ್ನೇ ಎಚ್ಚರಿಸಿತ್ತು. ಕೊತ್ತಂಬರಿ, ಪುದೀನ, ಹಸಿಯಾಗಿ ತಿನ್ನುವ ಯಾವುದಕ್ಕೂ ಸಗಣಿ ಮತ್ತು ಸಿಹಿ ಸೇರಿದ ತಿಳಿ ತಾಗಬಾರದು.

ಡ್ರಿಪ್‌ನಲ್ಲಿ ಬಿಡಬಹುದೇ?

ಬಿಟ್ಟರೆ ಹನಿಮೂತಿಗಳಲ್ಲಿ ಲೋಳೆ ಕಟ್ಟುತ್ತದೆ. ಬಿಡಲೇಬೇಕೆಂದರೆ ಬಟ್ಟೆಯಲ್ಲಿ ಸೋಸಿ, ಕೊನೆಗೆ ಅರ್ಧ ಗಂಟೆ ಬರಿನೀರು ಹಾಯಿಸಿ, ಪೈಪಿನ ತುದಿ ಬಿಚ್ಚಿ ತೊಳೆಯಿರಿ.

ಅರ್ಧ ಎಕರೆ ಮಲ್ಲಿಗೆ ಇದೆ. ಕಾಕಂಬಿಗೆ ದುಡ್ಡು ಹಾಕಿದರೆ ಹುಟ್ಟುತ್ತದೆಯೇ?

ಗೊಬ್ಬರವೆಂದು ಕೊಂಡರೆ ಹುಟ್ಟುವುದಿಲ್ಲ. ಹತ್ತು ಕಿಲೋ ಪೊಟ್ಯಾಷಿಯಂ ಕೊಡಲು 330 ಕಿಲೋ ಕಾಕಂಬಿ ಬೇಕು, ಪೊಟ್ಯಾಷಿಯಂ ಸಲ್ಫೇಟ್ ಆದರೆ 24 ಕಿಲೋ. ಸಾವಯವವೇ ಬೇಕೆನ್ನುವವರಿಗೆ ಒಲೆಯ ಬೂದಿ ಇದೆ, ಹುಳಿ ಮಣ್ಣಿರುವ ಕರಾವಳಿಯಲ್ಲಿ ಅದು ಎರಡು ರೀತಿಯಲ್ಲಿ ಒಳ್ಳೆಯದು. ಆ ದುಡ್ಡನ್ನು ಕೊಟ್ಟಿಗೆ ಗೊಬ್ಬರ, ಹಿಂಡಿ ಮತ್ತು ಸವರುವ ಕೂಲಿಗೆ ಹಾಕಿ. ಜೀವಾಮೃತಕ್ಕೆ ಬೇಕಾದ ಕಿಲೋ ಎರಡು ಕಿಲೋ ಬೆಲ್ಲ ಮಾತ್ರ ಲೆಕ್ಕಕ್ಕೆ ಸಿಗದಷ್ಟು ಸಣ್ಣ ಖರ್ಚು, ಅದನ್ನು ಬಿಡಬೇಕಾಗಿಲ್ಲ.

ನನ್ನ ಮಣ್ಣಿಗೆ ಇದು ಕೆಲಸ ಮಾಡುತ್ತದೋ ಇಲ್ಲವೋ ತಿಳಿಯುವುದು ಹೇಗೆ?

ಒಂದೇ ತಾಯಿಗಿಡದ ಕಡ್ಡಿಯಿಂದ ಮಾಡಿದ ಆರು ಗಿಡಗಳನ್ನು ಒಂದೇ ಅಳತೆಯ ಕುಂಡ, ಒಂದೇ ಮಣ್ಣು, ಒಂದೇ ಬಿಸಿಲಿನಲ್ಲಿ ಬೆಳೆಸಿ. ಮೂರಕ್ಕೆ ಹದಿನೈದು ದಿನಕ್ಕೊಮ್ಮೆ ಬೆಲ್ಲದ ನೀರು, ಮೂರಕ್ಕೆ ಅದೇ ದಿನ ಅಷ್ಟೇ ಅಳತೆಯ ಬರಿನೀರು. ಕುಂಡಗಳ ಜಾಗವನ್ನು ಆಗಾಗ ಅದಲುಬದಲು ಮಾಡಿ, ಗೋಡೆಯ ನೆರಳು ಒಂದರ ಮೇಲೆಯೇ ಬೀಳದಿರಲಿ. ಕನಕಾಂಬರ ಈ ಪರೀಕ್ಷೆಗೆ ಅನುಕೂಲ, ತಿಂಗಳುಗಟ್ಟಲೆ ಹೂ ಬಿಡುತ್ತಿರುತ್ತದೆ. ಕಿತ್ತ ಹೂವನ್ನು ಕುಂಡದ ಲೆಕ್ಕದಲ್ಲಿ ಎಣಿಸಿ, ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆದಿಡಿ. ಕಟ್ಟಿದ ಮೇಲೆ ಮೊಳದಲ್ಲಿ ಅಳೆಯಬೇಡಿ, ಕಟ್ಟುವವರ ಕೈ ಒತ್ತಾಗಿದ್ದರೆ ಹೂವು ಹೆಚ್ಚಿದ್ದರೂ ಮೊಳ ಕಡಿಮೆ ಬರುತ್ತದೆ.